ಪರಮಾಣು ಉದ್ಯಮದಲ್ಲಿ ಮಹಿಳೆಯರು: ವೃತ್ತಿ ಸಂಪರ್ಕ ಎಂದರೆ ವಶೀಲಿಯೇ?

ಚಾಮರಾಜನಗರದ ಪಕ್ಕದ ಹರದನಹಳ್ಳಿಯಂಥ ಊರಿನ ಹುಡುಗಿಯೊಬ್ಬಳು ಪರಮಾಣು ವಿದ್ಯುತ್ ಕೇಂದ್ರದಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದರೆ ಎರಡು ಮಾತು ಕೇಳಬೇಕಾಗಬಹುದು. ‘ವಿಕಿರಣ ಇರುವ ಕಡೆ ಹೆಣ್ಣುಮಕ್ಕಳಿಗೆ ಏನು ಕೆಲಸ?’ ಎನ್ನುವುದು ಒಂದು. ‘ಅಲ್ಲೆಲ್ಲ ವಶೀಲಿ ಬೇಕು’ ಎನ್ನುವುದು ಇನ್ನೊಂದು. ಇವು ಎಷ್ಟು ನಿಜ?

ವಿಕಿರಣದ ಭಯ

ನಮ್ಮ ದೇಶದಲ್ಲಿ ವಿಕಿರಣದ ಮಿತಿಯನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಿಗದಿಪಡಿಸುತ್ತದೆ. ಉದ್ಯೋಗಿಯೊಬ್ಬರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ದಾಟುವಂತಿಲ್ಲ; ಯಾವ ಒಂದು ವರ್ಷದಲ್ಲೂ 30 ಮೀರುವಂತಿಲ್ಲ. ಈ ಮಿತಿ ಗಂಡಸರಿಗೂ ಹೆಂಗಸರಿಗೂ ಒಂದೇ. ಗರ್ಭಿಣಿ ಎಂದು ತಿಳಿಸಿದ ನಂತರ ಮಾತ್ರ ನಿಯಮ ಇನ್ನೂ ಬಿಗಿಯಾಗುತ್ತದೆ: ಹೆರಿಗೆಯವರೆಗೆ ಭ್ರೂಣಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಗಲದಂತೆ ಕೆಲಸ ಕೊಡಬೇಕು. ನೆಲ, ಗಾಳಿ, ಆಕಾಶದಿಂದ ನಮಗೆಲ್ಲ ಸಹಜವಾಗಿ ತಗಲುವ ವಿಕಿರಣವೇ ಜಾಗತಿಕ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಅಂದರೆ ಎಚ್ಚರಿಕೆ ಬೇಕು, ನಿಷೇಧವಿಲ್ಲ.

ಬಾಗಿಲು ತೆರೆಯುವುದು ಪರೀಕ್ಷೆ

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಅದನ್ನು ನಡೆಸುವ ಭಾರತೀಯ ಪರಮಾಣು ವಿದ್ಯುತ್ ನಿಗಮ ಎಂಜಿನಿಯರುಗಳನ್ನು ಗೇಟ್ ಅಂಕ ಹಾಗೂ ಸಂದರ್ಶನದ ಮೇಲೆ ಆಯ್ಕೆ ಮಾಡುತ್ತದೆ. ಡಿಪ್ಲೊಮಾ, ಬಿಎಸ್‌ಸಿ, ಪಿಯುಸಿ, ಐಟಿಐ ಓದಿದವರಿಗೆ ಸ್ಟೈಪೆಂಡಿಯರಿ ಟ್ರೈನಿ ಹುದ್ದೆಗಳಿವೆ. ಪರಿಚಯ ಇದ್ದಮಾತ್ರಕ್ಕೆ ಅಂಕ ಹೆಚ್ಚುವುದಿಲ್ಲ.

ಹಾಗಾದರೆ ಸಂಪರ್ಕ ಯಾಕೆ ಬೇಕು?

ಇಂಥ ಹುದ್ದೆಯೊಂದಿದೆ ಎಂದು ಗೊತ್ತಾಗುವುದಕ್ಕೇ ಯಾರಾದರೂ ಹೇಳಬೇಕು! ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ಚೆನ್ನಾಗಿ ವಿವರಿಸಿದರು. ನೆಂಟರು, ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ದೂರದ ಪರಿಚಯದವರಿಂದ. ಪರಮಾಣು ಕ್ಷೇತ್ರದಲ್ಲಿ ಯಾರೂ ಇಲ್ಲದ ಊರಿನವರಿಗೆ ಈ ಕೊರತೆ ಹೆಚ್ಚು.

ಕೆಲಸಕ್ಕೆ ಸೇರಿದ ಮೇಲೂ ಅಷ್ಟೇ. ನಿಯಂತ್ರಣ ಕೊಠಡಿ ನಡೆಸಲು ಪ್ರತ್ಯೇಕ ಪರವಾನಗಿ, ದೀರ್ಘ ತರಬೇತಿ, ಪಾಳಿ ಕೆಲಸ ಬೇಕು. ಮುಂದೆ ದೊಡ್ಡ ಹೊಣೆ ಹೊರಲು ಇಂಥ ಅನುಭವವೇ ಬಂಡವಾಳ. ಹೆರಿಗೆ ರಜೆ ಮುಗಿಸಿ ಬಂದು ಇದನ್ನು ಹೇಗೆ ಮುಂದುವರಿಸುವುದು ಎಂಬುದನ್ನು ಆ ದಾರಿಯಲ್ಲಿ ನಡೆದ ಹಿರಿಯರೇ ಹೇಳಬಲ್ಲರು. ಆದರೆ ಅಂಥ ಹಿರಿಯ ಮಹಿಳೆಯರ ಸಂಖ್ಯೆ ಕಡಿಮೆ. ಒಇಸಿಡಿಯ ಪರಮಾಣು ಶಕ್ತಿ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅದರ ಸದಸ್ಯ ದೇಶಗಳ ಈ ಕ್ಷೇತ್ರದಲ್ಲಿ ಮಹಿಳೆಯರು ಸುಮಾರು ಕಾಲು ಭಾಗ ಮಾತ್ರ. ಉನ್ನತ ಹುದ್ದೆಗಳಲ್ಲಿ ಇನ್ನೂ ಕಡಿಮೆ.

ಸಂಘಟನೆಗಳು

1990ರ ದಶಕದ ಆರಂಭದಲ್ಲಿ ‘ವಿಮೆನ್ ಇನ್ ನ್ಯೂಕ್ಲಿಯರ್’ ಎಂಬ ಅಂತರರಾಷ್ಟ್ರೀಯ ಸಂಘಟನೆ ಹುಟ್ಟಿತು. ನಮ್ಮಲ್ಲಿ 1973ರಲ್ಲೇ ಮುಂಬೈನಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಶುರುವಾಗಿತ್ತು. ಪರಮಾಣು ಕೇಂದ್ರವಿರುವ ತಮಿಳುನಾಡಿನ ಕಲ್ಪಾಕ್ಕಂನಲ್ಲೂ ಅದರ ಶಾಖೆಯಿದೆ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2020ರಲ್ಲಿ ಮೇರಿ ಕ್ಯೂರಿ ಹೆಸರಿನ ಫೆಲೋಶಿಪ್ ಆರಂಭಿಸಿತು. ಪರಮಾಣು ವಿಷಯಗಳಲ್ಲಿ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ಇದರಿಂದ ಹಣದ ನೆರವು, ಇಂಟರ್ನ್‌ಶಿಪ್ ಅವಕಾಶ ಎರಡೂ ಸಿಗುತ್ತವೆ. ವೃತ್ತಿಯಲ್ಲಿರುವವರಿಗಾಗಿ 2023ರಲ್ಲಿ ಲೀಸ್ ಮೈಟ್ನರ್ ಹೆಸರಿನ ಕಾರ್ಯಕ್ರಮವೂ ಬಂದಿದೆ.

ಸಂಘಟನೆ ಕಟ್ಟುವುದೂ ನಾಯಕತ್ವದ ಅಭ್ಯಾಸವೇ. ಸ್ಪೇನ್ ಮೂಲದ ಎಂಜಿನಿಯರ್ ಸಾಮಾ ಬಿಲ್ಬಾವೊ ಇ ಲಿಯಾನ್ ಉತ್ತರ ಅಮೆರಿಕದಲ್ಲಿ ಈ ಕ್ಷೇತ್ರದ ಯುವಜನರ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. 2020ರಲ್ಲಿ ಅವರು ವಿಶ್ವ ಪರಮಾಣು ಸಂಘದ ಮಹಾನಿರ್ದೇಶಕಿಯಾದರು.

ಎಲ್ಲಿಂದ ಶುರು ಮಾಡುವುದು?

ನಿಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳಲ್ಲಿ ಈ ಕ್ಷೇತ್ರದಲ್ಲಿ ಯಾರಿದ್ದಾರೆ ಎಂದು ಉಪನ್ಯಾಸಕರನ್ನು ಕೇಳಿ. ಅವರಿಗೆ ಬರೆಯುವಾಗ ‘ಕೆಲಸ ಕೊಡಿಸಿ’ ಎನ್ನಬೇಡಿ. ‘ಸಂದರ್ಶನಕ್ಕೆ ಯಾವ ವಿಷಯ ಗಟ್ಟಿ ಮಾಡಿಕೊಳ್ಳಲಿ?’ ಎಂದು ಕೇಳಿ. ಮೊದಲನೆಯದು ವಶೀಲಿ, ಎರಡನೆಯದು ಸಂಪರ್ಕ.