ಬ್ರೂಸ್ ಗಾಫ್: ಕಲ್ಲಿದ್ದಲ ಗೋಡೆಗಳ ವಾಸ್ತುಶಿಲ್ಪಿ

ಅಮೆರಿಕದ ಕಾನ್ಸಾಸ್ ರಾಜ್ಯದ ಆಲ್ಟನ್‌ನಲ್ಲಿ 1904ರಲ್ಲಿ ಹುಟ್ಟಿದ ಬ್ರೂಸ್ ಗಾಫ್ ಯಾವ ಕಾಲೇಜಿನಲ್ಲೂ ವಾಸ್ತುಶಿಲ್ಪ ಓದಿದವರಲ್ಲ. ಮಗ ಚಿತ್ರ ಬಿಡಿಸುವುದನ್ನು ಕಂಡ ತಂದೆ, ಹನ್ನೆರಡನೆಯ ವಯಸ್ಸಿಗೇ ಅವರನ್ನು ಟಲ್ಸಾ ನಗರದ ವಾಸ್ತುಶಿಲ್ಪಿಗಳ ಕಚೇರಿಯೊಂದರಲ್ಲಿ ಕೆಲಸ ಕಲಿಯಲು ಬಿಟ್ಟರು. ಮುಂದೆ ಓದಲು ಹೋಗಬೇಕೇ ಎಂದು ತರುಣ ಗಾಫ್ ಕೇಳಿದಾಗ, ಹಿರಿಯ ವಾಸ್ತುಶಿಲ್ಪಿಗಳಾದ ಫ್ರಾಂಕ್ ಲಾಯ್ಡ್ ರೈಟ್ ಮತ್ತು ಲೂಯಿ ಸಲಿವನ್ ಇಬ್ಬರೂ ಬೇಡವೆಂದರು. 1929ರಲ್ಲಿ ಮುಗಿದ ಟಲ್ಸಾದ ಬಾಸ್ಟನ್ ಅವೆನ್ಯೂ ಮೆಥಡಿಸ್ಟ್ ಚರ್ಚ್ ಅವರಿಗೆ ಹೆಸರು ತಂದಿತು. ಅದರ ಶ್ರೇಯಸ್ಸು ಗಾಫ್‌ಗೋ, ಅವರ ಚಿತ್ರಕಲಾ ಶಿಕ್ಷಕಿ ಏಡಾ ರಾಬಿನ್‌ಸನ್‌ಗೋ ಎಂಬ ತಕರಾರು ಮಾತ್ರ ತೀರಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಗಾಫ್ ನೌಕಾಪಡೆಯ ನಿರ್ಮಾಣ ದಳ ಸೇರಿದರು. ಸಾಮಗ್ರಿ ಸಿಗದ ಆ ದಿನಗಳಲ್ಲಿ, ಅರ್ಧ ಉರುಳೆಯಾಕಾರದ ಕ್ವಾನ್ಸೆಟ್ ಶೆಡ್‌ಗಳನ್ನೇ ಬಳಸಿ ಸೈನಿಕರಿಗೆ ಪ್ರಾರ್ಥನಾ ಮಂದಿರ ಕಟ್ಟಿದರು. ಕೈಗೆ ಸಿಕ್ಕಿದ್ದರಲ್ಲಿ ಕಟ್ಟುವ ಈ ಅಭ್ಯಾಸವೇ ಅವರ ಮುಂದಿನ ಶೈಲಿಗೆ ತಳಹದಿಯಾಯಿತೆನ್ನಬೇಕು. ಸಾವಯವ ವಾಸ್ತುಶಿಲ್ಪವೆಂದರೆ ಅವರಿಗೆ ಎಲೆ, ಬಳ್ಳಿಗಳ ಅನುಕರಣೆಯಲ್ಲ. ಮನೆ ಕಟ್ಟಿಸುವವರ ಸ್ವಭಾವ, ನಿವೇಶನ ಮತ್ತು ಸಾಮಗ್ರಿಗಳಿಂದಲೇ ಆಕಾರ ಹುಟ್ಟಬೇಕು.

ಇಲಿನಾಯ್ ರಾಜ್ಯದ ಅರೋರಾದಲ್ಲಿ ಕಟ್ಟಿದ ಫೋರ್ಡ್ ದಂಪತಿಯ ಮನೆಯಲ್ಲಿ ಇದು ಎದ್ದು ಕಾಣುತ್ತದೆ. ಗುಂಡನೆಯ ಮನೆಗೆ ಕ್ವಾನ್ಸೆಟ್ ಶೆಡ್ಡಿನ ಬಾಗಿದ ಉಕ್ಕಿನ ಪಕ್ಕೆಲುಬುಗಳು, ಕಪ್ಪು ಕಲ್ಲಿದ್ದಲಿನ ಗೋಡೆ, ಆ ಕಪ್ಪಿನ ನಡುನಡುವೆ ಬೆಳಕು ಒಳಬಿಡುವ ಒರಟು ಗಾಜಿನ ಗಟ್ಟಿಗಳು. ನೋಡಲು ಬಂದವರ ಗೇಲಿಗೆ ಬೇಸತ್ತ ಮಾಲೀಕರು, ನಿಮ್ಮ ಮನೆಯೂ ನಮಗೆ ಹಿಡಿಸದು ಎಂಬರ್ಥದ ಫಲಕವನ್ನೇ ತೂಗುಹಾಕಿದರಂತೆ.

ಪದವಿಯೇ ಇಲ್ಲದ ಗಾಫ್ 1947ರಲ್ಲಿ ಒಕ್ಲಹೋಮ ವಿಶ್ವವಿದ್ಯಾಲಯದ ಅಧ್ಯಾಪಕರಾಗಿ, ಬೇಗನೆ ವಾಸ್ತುಶಿಲ್ಪ ವಿಭಾಗದ ಮುಖ್ಯಸ್ಥರೂ ಆದರು. ಅಲ್ಲಿನ ಕಲಾ ಅಧ್ಯಾಪಕ ಯೂಜೀನ್ ಬ್ಯಾವಿಂಗರ್ ಕುಟುಂಬಕ್ಕಾಗಿ ನಾರ್ಮನ್ ಬಳಿ ರೂಪಿಸಿದ ಮನೆ ಅವರ ಅತ್ಯಂತ ಪ್ರಸಿದ್ಧ ಕೃತಿ. ಸ್ಥಳೀಯ ಕಲ್ಲಿನ ಗೋಡೆ ಶಂಖದಂತೆ ಸುರುಳಿ ಸುತ್ತುತ್ತ ಮೇಲೇರಿ ನಡುವಿನ ಕಂಬವನ್ನು ಸೇರುತ್ತಿತ್ತು. ಆ ಕಂಬ ತೈಲಬಾವಿಯ ಹಳೆಯ ಕೊಳವೆಯಾಗಿತ್ತು. ಒಳಗೆ ಕೋಣೆಗಳೇ ಇರಲಿಲ್ಲ. ಕೂರುವ, ಮಲಗುವ ಜಾಗಗಳೆಲ್ಲ ಗಾಳಿಯಲ್ಲಿ ತೂಗಿಬಿಟ್ಟ ಬಟ್ಟಲುಗಳು, ಕೆಳಗೆ ನೀರು, ಗಿಡಗಳು. ಹೆಚ್ಚಿನ ಕೆಲಸವನ್ನು ಮನೆಯವರೇ ವಿದ್ಯಾರ್ಥಿಗಳ ಜೊತೆಗೂಡಿ ಮಾಡಿ, 1955ರಲ್ಲಿ ಮುಗಿಸಿದರು.

ಅದೇ ವರ್ಷ, ಸಲಿಂಗಿಯಾಗಿದ್ದ ಗಾಫ್ ತಮ್ಮ ಮೇಲೆ ಬಂದ ಆರೋಪದ ನಡುವೆ ಹುದ್ದೆ ಬಿಡಬೇಕಾಯಿತು. ಅವರು ಬಾರ್ಟ್ಲ್‌ಸ್‌ವಿಲ್‌ಗೆ ಹೋಗಿ, ರೈಟ್ ವಿನ್ಯಾಸದ ಪ್ರೈಸ್ ಟವರ್‌ನಲ್ಲಿ ಕಚೇರಿ ತೆರೆದರು. ಜಪಾನಿ ಚಿತ್ರಗಳ ಸಂಗ್ರಾಹಕ ಜೋ ಪ್ರೈಸ್‌ಗಾಗಿ ಅಲ್ಲಿ ಕಟ್ಟಿದ ಶಿನ್‌ಎನ್‌ಕಾನ್ ಮನೆಯ ಒಳಮಾಡಿಗೆ ಬಿಳಿ ಹೆಬ್ಬಾತಿನ ಗರಿಗಳನ್ನು ಹೊದಿಸಿದ್ದರು. ಕೊನೆಯ ವರ್ಷಗಳನ್ನು ಟೆಕ್ಸಾಸ್‌ನ ಟೈಲರ್‌ನಲ್ಲಿ ಕಳೆದು, 1982ರಲ್ಲಿ ತೀರಿಕೊಂಡರು.

ಶಿನ್‌ಎನ್‌ಕಾನ್ 1996ರಲ್ಲಿ ಸುಟ್ಟುಹೋಯಿತು. ಬ್ಯಾವಿಂಗರ್ ಮನೆಯನ್ನು 2016ರಲ್ಲಿ ಕೆಡವಲಾಯಿತು. ಪ್ರೈಸ್ ಸಂಗ್ರಹಕ್ಕಾಗಿ ಗಾಫ್ ವಿನ್ಯಾಸಗೊಳಿಸಿದ್ದ ಲಾಸ್ ಏಂಜಲೀಸ್ ಕೌಂಟಿ ಕಲಾ ಸಂಗ್ರಹಾಲಯದ ಜಪಾನಿ ಕಲಾಭವನವನ್ನು, ಅವರ ಮರಣಾನಂತರ ಸಹಾಯಕ ಬಾರ್ಟ್ ಪ್ರಿನ್ಸ್ 1988ರಲ್ಲಿ ಪೂರ್ಣಗೊಳಿಸಿದರು.