ಬಿಡದಿಯಲ್ಲಿ ಮನೆಮಂದಿಯೆಲ್ಲ ಕೂತು ತಿನ್ನೋಕೆ ಎಲ್ಲಿಗೆ ಹೋಗಬಹುದು? ಹಳೇ ಹೈವೇ ಹೋಟೆಲ್‌ಗಳ ಬಗ್ಗೆ ಒಂದಿಷ್ಟು ಮಾಹಿತಿ

ಬಿಡದಿ: ಫ್ರೆಂಡ್ಸ್ ಜೊತೆ ಬೈಕ್ ನಿಲ್ಲಿಸಿ ಎರಡು ತಟ್ಟೆ ಇಡ್ಲಿ ತಿಂದು ಬರೋದಕ್ಕೆ ಯಾರ ಮಾಹಿತಿಯೂ ಬೇಕಾಗಿಲ್ಲ. ಆದ್ರೆ ಮಂಡಿನೋವಿರೋ ಅಜ್ಜಿ, ಎರಡು ವರ್ಷದ ಮಗು, ಖಾರ ತಿನ್ನದ ಅತ್ತೆ ಇಷ್ಟೂ ಜನರನ್ನ ಕರ್ಕೊಂಡು ಹೊರಗೆ ಊಟಕ್ಕೆ ಹೊರಟ್ರೆ ಬಿಡದಿಯಂಥ ಊರಲ್ಲೂ ಹತ್ತು ಸಲ ಯೋಚನೆ ಮಾಡ್ಬೇಕು. ರಸ್ತೆ ತುಂಬ ಹೋಟೆಲ್ ಇದೆ, ನಿಜ. 'ಫ್ಯಾಮಿಲಿ ರೆಸ್ಟೋರೆಂಟ್' ಅನ್ನೋ ಬೋರ್ಡ್‌ಗಂತೂ ಬರವೇ ಇಲ್ಲ. ಒಳಗೆ ಹೋದ ಮೇಲೆ ಗೊತ್ತಾಗುತ್ತೆ, ಅದು ಯಾರ ಫ್ಯಾಮಿಲಿ ಅಂತ.

ನಮ್ಮಮ್ಮ ಹೊರಗೆ ಊಟಕ್ಕೆ ಹೋಗ್ಬೇಕು ಅಂದ್ರೆ ಬೆಳಿಗ್ಗೆಯಿಂದ ನೀರು ಕುಡಿಯಲ್ಲ. ಯಾಕೆ ಅಂತ ನಾನು ಬಹಳ ದಿನ ಕೇಳೇ ಇರ್ಲಿಲ್ಲ. ಒಂದು ಸಲ ಅಕ್ಕ, ಅಕ್ಕನ ಮಗು, ಅಜ್ಜಿ ಎಲ್ರನ್ನೂ ಕರ್ಕೊಂಡು ಒಂದು ದೊಡ್ಡ ಹೋಟೆಲ್‌ಗೆ ಹೋಗಿದ್ವಿ. ಹೆಸರು ಬೇಡ. ಎಸಿ ಹಾಲ್, ಮೀನಿನ ತೊಟ್ಟಿ, ಸೆಲ್ಫಿ ತಗೊಳೋಕೆ ಹೂವಿನ ಗೋಡೆ ಎಲ್ಲಾ ಇತ್ತು. ಅಜ್ಜಿ ಟಾಯ್ಲೆಟ್ ಕೇಳಿದ್ರೆ "ಬೀಗದ ಕೈ ಓನರ್ ಹತ್ರ ಇದೆ, ಅವ್ರು ಹೊರಗೆ ಹೋಗಿದ್ದಾರೆ" ಅಂದ್ರು. ಅರ್ಧ ಊಟ ಬಿಟ್ಟು ವಾಪಸ್ ಬಂದ್ವಿ. ಅವತ್ತಿಂದ ಯಾವ ಹೋಟೆಲ್‌ಗೆ ಹೋದ್ರೂ ನಾನು ಮೊದಲು ನೋಡೋದು ಮೆನು ಅಲ್ಲ, ಟಾಯ್ಲೆಟ್ ಬಾಗಿಲು. ಈ ಬರಹದ ಅಳತೆಗೋಲೂ ಅದೇ.

ರಸ್ತೆ ಬದಲಾಯ್ತು, ಗಿರಾಕಿ ಬದಲಾದ್ರು

2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲಕ್ಕೂ ಬೈಪಾಸ್ ಬಂತು. ಮೊದಲು ಮೈಸೂರಿಗೆ ಹೋಗೋ ಕಾರು ಬಿಡದಿ ಪೇಟೆ ಒಳಗೇ ಬರ್ಬೇಕಿತ್ತು, ಬಂದ್ರೆ ತಟ್ಟೆ ಇಡ್ಲಿಗೆ ನಿಲ್ತಿತ್ತು. ಈಗ ಮೇಲಿಂದ ಮೇಲೇ ಹೋಗಿಬಿಡುತ್ತೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗಳಿಗೆ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ. ಅಂದ್ರೆ ಹಳೇ ರಸ್ತೇಲಿ ಉಳಿದೋರು ನಾವು: ತಾಲ್ಲೂಕಿನ ಜನ, ಬೈಕಲ್ಲಿ ಗಂಡ-ಹೆಂಡತಿ-ಮಗು, ಆಟೋದಲ್ಲಿ ಆರು ಜನ, ಸಾಮಾನ್ಯ ಬಸ್ಸಿನೋರು.

ದಾರಿಹೋಕ ಗಿರಾಕಿ ಹದಿನೈದು ನಿಮಿಷ ಇದ್ದು ಹೋಗ್ತಾನೆ, ಮತ್ತೆ ಬರೋದು ಮುಂದಿನ ದಸರಾಕ್ಕೆ. ಅವನಿಗೆ ನಿಂತು ತಿನ್ನೋ ಟೇಬಲ್ ಸಾಕು. ಊರಿನ ಸಂಸಾರ ಹಾಗಲ್ಲ. ಒಂದು ಸಲ ಸರಿ ಅನ್ನಿಸಿದ್ರೆ ತಿಂಗಳಿಗೆ ಎರಡು ಸಲ ಬರುತ್ತೆ, ಬೇಜಾರಾದ್ರೆ ಇಡೀ ಬೀದಿಗೆ ಹೇಳುತ್ತೆ. ಹಳೇ ರಸ್ತೆಯ ಕೆಲವು ಹೋಟೆಲ್‌ನೋರು ಇದನ್ನ ಬೇಗ ಅರ್ಥ ಮಾಡ್ಕೊಂಡು ನಾಲ್ಕು ಕುರ್ಚಿ, ಒಂದು ಕೈ ತೊಳೆಯೋ ಬೇಸಿನ್ ಹೆಚ್ಚಿಗೆ ಹಾಕಿದ್ದಾರೆ. ಕೆಲವರು ಇನ್ನೂ ಹಳೇ ಟೂರಿಸ್ಟ್ ಬಸ್ ವಾಪಸ್ ಬರುತ್ತೆ ಅಂತ ಕಾಯ್ತಿದ್ದಾರೆ.

ಬೆಳಿಗ್ಗೆ: ತಟ್ಟೆ ಇಡ್ಲಿ

ಬಿಡದಿ ಅಂದ್ರೆ ಇದೇ. ಅಂಗೈಗಿಂತ ಅಗಲದ ತಟ್ಟೆಗಳಲ್ಲಿ ಹಿಟ್ಟು ಹುಯ್ದು, ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ಇಟ್ಟು ಹಬೆಯಲ್ಲಿ ಬೇಯಿಸ್ತಾರೆ. ಅಕ್ಕಿ, ಉದ್ದಿನಬೇಳೆ ಜೊತೆಗೆ ಅವಲಕ್ಕಿ ಅಥವಾ ಸಬ್ಬಕ್ಕಿ ಸೇರಿಸೋದ್ರಿಂದ ಮೆತ್ತಗಿರುತ್ತೆ. ಅದಕ್ಕೇ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಇದಕ್ಕಿಂತ ಸುಲಭದ ತಿಂಡಿ ಇಲ್ಲ. ಚಟ್ನಿ ಮಾತ್ರ ಖಾರ. ಮಗು ಇದ್ರೆ ಬೆಣ್ಣೆ ಬೇರೆ ಬಟ್ಟಲಲ್ಲಿ ಕೊಡಿ ಅಂತ ಮೊದಲೇ ಹೇಳಿ, ಸ್ವಲ್ಪ ಸಕ್ಕರೆ ಕೇಳಿ, ಕೊಡ್ತಾರೆ. ಸಣ್ಣ ಮಗುವಿಗೆ ಒಂದು ಇಡ್ಲಿ ಪೂರ್ತಿ ಹೋಗಲ್ಲ, ಇಬ್ಬರಿಗೆ ಒಂದು ಹಂಚಿದ್ರೂ ಯಾರೂ ಮುಖ ಗಂಟು ಹಾಕ್ಕೊಳಲ್ಲ.

ರೇಣುಕಾಂಬದಂಥ ಹಳೇ ಹೆಸರುಗಳು ಎಲ್ಲರಿಗೂ ಗೊತ್ತು. ಬೋರ್ಡ್ ನೋಡ್ತಾ ಹೋದ್ರೆ ಎಲ್ಲರೂ 'ಒರಿಜಿನಲ್' ಅಂತಾನೇ ಬರೆಸಿದ್ದಾರೆ, ಆ ಜಗಳಕ್ಕೆ ನಾನು ಹೋಗಲ್ಲ. ಮನೆಯವರ ಜೊತೆ ಹೋಗೋರಿಗೆ ನನ್ನ ಸಲಹೆ ಒಂದೇ: ಹೆಸರಿಗಿಂತ ಹೊತ್ತು ನೋಡಿ. ಭಾನುವಾರ ಎಂಟೂವರೆಯಿಂದ ಹತ್ತೂವರೆವರೆಗೆ ಬೆಂಗಳೂರಿನ ಬೈಕ್ ತಂಡಗಳು, ವಂಡರ್‌ಲಾಗೆ ಹೋಗೋ ಕಾರುಗಳು ಒಟ್ಟಿಗೆ ಬರುತ್ವೆ. ವಂಡರ್‌ಲಾ 2005ರಿಂದ ಇಲ್ಲಿದೆ, ಹೊರಗಿನ ತಿಂಡಿ ಒಳಗೆ ಬಿಡಲ್ಲ, ಹಾಗಾಗಿ ಎಲ್ಲರೂ ಹೊಟ್ಟೆ ತುಂಬಿಸ್ಕೊಂಡೇ ಹೋಗ್ತಾರೆ. ಆ ಹೊತ್ತಲ್ಲಿ ಅಜ್ಜಿಗೆ ಕುರ್ಚಿ ಸಿಗೋದು ಕಷ್ಟ. ಏಳೂವರೆಗೆ ಹೋದ್ರೆ ಮೊದಲ ಹಬೆಯ ಇಡ್ಲಿ, ಖಾಲಿ ಬೆಂಚು ಎರಡೂ ಸಿಗುತ್ತೆ. ವಾರದ ದಿನ ಆದ್ರೆ ಕಾರ್ಖಾನೆ ಶಿಫ್ಟ್ ಬದಲಾಗೋ ಹೊತ್ತು ತಪ್ಪಿಸಿ.

ಇಡ್ಲಿ ವಿಚಾರದಲ್ಲಿ ಇನ್ನೊಂದು ಮುಖ್ಯ. ಮೊದಲು ತಟ್ಟೆಗೆ ಒದ್ದೆ ಬಟ್ಟೆ ಹಾಕಿ ಹಿಟ್ಟು ಹುಯ್ತಿದ್ರು. ಆಮೇಲೆ ಸುಲಭ ಅಂತ ಪ್ಲಾಸ್ಟಿಕ್ ಹಾಳೆ ಬಂತು. 2025ರ ಫೆಬ್ರವರಿಯಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ರಾಜ್ಯದ 251 ಕಡೆ ನೋಡಿದಾಗ 52 ಕಡೆ ಪ್ಲಾಸ್ಟಿಕ್ ಬಳಸ್ತಿದ್ದದ್ದು ಗೊತ್ತಾಗಿ, ಹೋಟೆಲ್‌ಗಳಲ್ಲಿ ಅದನ್ನ ಬಳಸಬಾರದು ಅಂತ ಸರ್ಕಾರ ಹೇಳ್ತು. ಬಿಸಿಗೆ ಪ್ಲಾಸ್ಟಿಕ್ಕಿನಲ್ಲಿರೋ ವಿಷ ಆಹಾರಕ್ಕೆ ಇಳಿಯುತ್ತೆ ಅನ್ನೋದು ಕಾರಣ. ಬಿಡದಿ ಹೋಟೆಲ್‌ಗಳಲ್ಲಿ ಇಡ್ಲಿ ಬೇಯಿಸೋದು ಸಾಮಾನ್ಯವಾಗಿ ಕಣ್ಣೆದುರೇ ಇರುತ್ತೆ. ನಿಂತು ಒಂದು ಸಲ ನೋಡಿ, ಮುಚ್ಚಳ ತೆಗೆದಾಗ ಬಟ್ಟೆ ಕಾಣ್ಬೇಕು ಅಥವಾ ಎಣ್ಣೆ ಸವರಿದ ಬರೀ ತಟ್ಟೆ ಕಾಣ್ಬೇಕು. ಕೇಳೋಕೆ ಸಂಕೋಚ ಬೇಡ.

ಮಧ್ಯಾಹ್ನ: ಊಟದ ಹೋಟೆಲ್, ಮುದ್ದೆ ಮೆಸ್

ಬಿಜಿಎಸ್ ಸರ್ಕಲ್ ಆಸುಪಾಸು, ರೈಲ್ವೆ ಸ್ಟೇಷನ್ ಕಡೆ ಇರೋ ಸಸ್ಯಾಹಾರಿ ಹೋಟೆಲ್‌ಗಳು ಎರಡು ಥರ. ದರ್ಶಿನಿ ಥರದವು, ಟೋಕನ್ ತಗೊಂಡು ನಿಂತು ತಿನ್ನೋದು: ಬೇಗ ಆಗುತ್ತೆ, ಚೊಕ್ಕವಾಗಿರುತ್ತೆ, ಆದ್ರೆ ಕೈಯಲ್ಲಿ ಮಗು ಇರೋರಿಗೆ ಆಗಲ್ಲ. ಇನ್ನೊಂದು, ಕೂತು ಊಟ ಮಾಡೋ ಹಾಲ್ ಇರೋವು. ಇಲ್ಲಿ 'ಒಂದು ಊಟ ಇಬ್ಬರು ಹಂಚಿಕೊಳ್ಳುವಂತಿಲ್ಲ' ಅಂತ ಬೋರ್ಡ್ ಇದೆಯಾ ನೋಡ್ಕೊಳ್ಳಿ. ಐದು ವರ್ಷದ ಮಗುವಿಗೂ ಪೂರ್ತಿ ಊಟದ ದುಡ್ಡು ಕೊಡಿ ಅನ್ನೋರಿದ್ದಾರೆ, ಖಾಲಿ ತಟ್ಟೆ ತಾವಾಗೇ ತಂದಿಡೋರೂ ಇದ್ದಾರೆ. ನನ್ನ ಲೆಕ್ಕದಲ್ಲಿ ಎರಡನೆಯವರೇ ಫ್ಯಾಮಿಲಿ ಹೋಟೆಲ್, ಬೋರ್ಡ್ ಇರ್ಲಿ ಬಿಡ್ಲಿ.

ನಾನ್‌ವೆಜ್ ಬೇಕು ಅಂದ್ರೆ ನಮ್ಮ ಕಡೆ ಮುದ್ದೆ, ನಾಟಿಕೋಳಿ ಸಾರು, ಕಾಲ್ ಸೂಪು, ಬೋಟಿ ಗೊಜ್ಜಿನ ಮೆಸ್‌ಗಳೇ ಸರಿ. ಗಂಡ-ಹೆಂಡತಿ ಇಬ್ಬರೇ ನಡೆಸೋ ಸಣ್ಣ ಮೆಸ್‌ಗಳನ್ನ ನಾನು ಹೆಚ್ಚು ನಂಬ್ತೀನಿ. ಬಡಿಸೋರು ಹೆಣ್ಣುಮಕ್ಕಳಾದ್ರೆ ನಮ್ಮ ಮನೆ ಹೆಂಗಸರೂ ಧೈರ್ಯವಾಗಿ ಎರಡನೇ ಸಲ ಸಾರು ಕೇಳ್ತಾರೆ. ಮೂರು ಗಂಟೆ ಮೇಲೆ ಹೋದ್ರೆ ಮುದ್ದೆ ಮುಗಿದಿರುತ್ತೆ. ಶ್ರಾವಣದಲ್ಲಿ ಕೆಲವು ಬಾಗಿಲೇ ತೆಗೆಯಲ್ಲ, ಹೋಗೋ ಮುಂಚೆ ಒಂದು ಫೋನ್ ಮಾಡೋದು ಒಳ್ಳೇದು.

ಕುಡಿಯೋ ನೀರಿನ ವಿಚಾರ ಬೈರಮಂಗಲ ಕೆರೆ ಪಕ್ಕದಲ್ಲಿರೋ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಫಿಲ್ಟರ್ ನೀರಾ ಅಂತ ಕೇಳಿ, ಬಿಸಿನೀರು ಕೇಳಿ.

ಬೋರ್ಡ್ ಓದೋದು ಹೇಗೆ

'ಫ್ಯಾಮಿಲಿ ರೆಸ್ಟೋರೆಂಟ್' ಅಂತ ಹಾಕೋಕೆ ಬೇರೆ ಪರವಾನಗಿ ಏನೂ ಇಲ್ಲ, ಯಾರು ಬೇಕಾದ್ರೂ ಹಾಕಬಹುದು. ಆದ್ರೆ ಬಾಗಿಲ ಹತ್ರ ಸಣ್ಣ ಅಕ್ಷರದಲ್ಲಿ 'ಸಿಎಲ್-9' ಅಂತ ಇದ್ರೆ ಅದು ಬಾರ್ ಸನ್ನದು. 'ಸಿಎಲ್-7' ಅಂದ್ರೆ ವಸತಿಗೃಹದ ಜೊತೆ ಇರೋ ಮದ್ಯದ ಸನ್ನದು. ಕೆಳಗೆ ಬಾರ್, ಮೇಲೆ ಫ್ಯಾಮಿಲಿ ಹಾಲ್ ಇರೋ ಕಡೆ ಊಟ ಚೆನ್ನಾಗೇ ಇರಬಹುದು, ನಾನು ಇಲ್ಲ ಅನ್ನಲ್ಲ. ಆದ್ರೆ ಮೆಟ್ಟಿಲು ಒಂದೇ, ಟಾಯ್ಲೆಟ್ ಒಂದೇ ಆಗಿದ್ರೆ ರಾತ್ರಿ ಎಂಟರ ಮೇಲೆ ಅಕ್ಕತಂಗಿಯರನ್ನ ಕರ್ಕೊಂಡು ಹೋಗೋದು ಬೇಡ. ಬೇರೆ ಬಾಗಿಲು, ಬೇರೆ ಟಾಯ್ಲೆಟ್ ಇದ್ರೆ ಪರವಾಗಿಲ್ಲ.

ಬಿಲ್‌ನಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರ್ಬೇಕು. ಹೋಟೆಲ್ ಬಿಲ್‌ಗೆ ಜಿಎಸ್‌ಟಿ ಸಾಮಾನ್ಯವಾಗಿ ಶೇ. 5, ಎಸಿ ಇದ್ರೂ ಇಲ್ಲದಿದ್ರೂ. ಸಣ್ಣ ಹೋಟೆಲ್‌ನೋರು ಕಾಂಪೋಸಿಷನ್ ಸ್ಕೀಮ್‌ನಲ್ಲಿದ್ರೆ ಗಿರಾಕಿಯಿಂದ ತೆರಿಗೆ ಬೇರೆಯಾಗಿ ವಸೂಲಿ ಮಾಡೋ ಹಾಗಿಲ್ಲ. ಇದು ಅಂಗಡಿಯೋರಿಗೂ ಗೊತ್ತಿರ್ಬೇಕಾದ ವಿಷಯ. ಸರ್ವಿಸ್ ಚಾರ್ಜ್ ಅಂತ ತಾನಾಗೇ ಸೇರಿಸಬಾರದು ಅಂತ 2022ರ ಜುಲೈನಲ್ಲೇ ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿ ಬಂದಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿ ಹಿಡಿದಿದೆ. ಸೇರಿಸಿದ್ರೆ ತೆಗೀರಿ ಅನ್ನಿ, ಒಪ್ಪದಿದ್ರೆ 1915ಕ್ಕೆ ಫೋನ್ ಮಾಡಿ. ನೀರಿನ ಬಾಟಲ್ ವಿಚಾರದಲ್ಲಿ ಮಾತ್ರ ಜಗಳ ಆಡಿ ಸೋತೋರು ಬಹಳ: ಕೂರಿಸಿ ಬಡಿಸೋ ಹೋಟೆಲ್‌ಗಳು ಎಂಆರ್‌ಪಿಗಿಂತ ಹೆಚ್ಚು ತಗೊಂಡ್ರೆ ಅದು ಅಪರಾಧ ಅಲ್ಲ ಅಂತ 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯಿಂದ ಬಾಟಲ್ ತಗೊಂಡು ಹೋಗಿ, ಮುಗೀತು.

ಸಂಜೆ: ಗಾಡಿ ತಿಂಡಿ

ಸಂಜೆ ಗಾಡಿಗಳ ಮುಂದೆ ಮಕ್ಕಳ ಹಠ ಶುರುವಾಗೋದು ಗೋಬಿಗೆ. 2024ರ ಮಾರ್ಚ್ 11ಕ್ಕೆ ಗೋಬಿ ಮಂಚೂರಿಗೆ ಕೃತಕ ಬಣ್ಣ, ಕಾಟನ್ ಕ್ಯಾಂಡಿಗೆ ಬಣ್ಣ ಹಾಕೋದು ನಿಷೇಧ ಆಗಿದೆ. ಆಗ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅದೇ ಜೂನ್‌ನಲ್ಲಿ ಕಬಾಬ್, ಮೀನಿಗೂ ಕೃತಕ ಬಣ್ಣ ಬೇಡ ಅಂದ್ರು. ಬಣ್ಣ ಇಲ್ಲದ ಗೋಬಿ ಕಂದು ಬಣ್ಣಕ್ಕೆ ಇರುತ್ತೆ, ನೋಡೋಕೆ ಸಪ್ಪೆ. ಕೈಗೆ ಕೆಂಪು ಅಂಟಿದ್ರೆ ಆ ಗಾಡಿಗೆ ಮತ್ತೆ ಹೋಗ್ಬೇಡಿ. ಕಂದು ಗೋಬಿ ಮಾಡೋನಿಗೆ ವ್ಯಾಪಾರ ಕಮ್ಮಿ ಆಗಿದೆ ಅನ್ನೋ ಮಾತು ಗಾಡಿಯೋರಿಂದ ಕೇಳಿದ್ದೀನಿ, ಅದರಲ್ಲಿ ನಮ್ಮ ತಪ್ಪೂ ಇದೆ.

ಸ್ವಲ್ಪ ದೂರ ಹೋಗೋ ಹಾಗಿದ್ರೆ

ಬಿಡದಿ ಪೇಟೆಯಲ್ಲಿ ಮಕ್ಕಳನ್ನ ಇಳಿಸಿ ಆಡಿಸೋಕೆ ಜಾಗ ಇರೋ ಹೋಟೆಲ್ ಕಮ್ಮಿ. ಅರ್ಧ ದಿನ ಬಿಡುವಿದ್ರೆ ಹಳೇ ರಸ್ತೆಯಲ್ಲೇ ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗಿ, ಜಾನಪದ ಲೋಕದ ಪಕ್ಕ ಕಾಮತ್ ಲೋಕರುಚಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ ಊಟ, ಮರದ ನೆರಳು. ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನ ಮೊದಲು ಸುತ್ತಿಸಿದ್ರೆ ಮಕ್ಕಳಿಗೆ ಹಸಿವೂ ಆಗಿರುತ್ತೆ. ಎಕ್ಸ್‌ಪ್ರೆಸ್‌ವೇ ಹತ್ತಿದ್ರೆ ಇದು ಸಿಗಲ್ಲ, ಬೈಪಾಸ್ ದಾಟಿಬಿಡುತ್ತೆ. ಬೈಕಿನೋರಿಗೆ ಆ ತೊಂದರೆ ಹೇಗೂ ಇಲ್ಲ.

ಹೋಟೆಲ್ ಮಾಲೀಕರಿಗೆ

ನಾನು ಡಿಗ್ರಿ ಅರ್ಧಕ್ಕೆ ಬಿಟ್ಟೋನು, ವ್ಯಾಪಾರ ಹೇಳಿಕೊಡೋಕೆ ಬಂದಿಲ್ಲ. ಆದ್ರೆ ಈ ರಸ್ತೆಯಲ್ಲಿ ತಿರುಗಾಡ್ತಾ ಮನೆ ಹೆಂಗಸರು ಏನು ಕೇಳ್ತಾರೆ ಅಂತ ಕೇಳಿಸ್ಕೊಂಡಿದ್ದೀನಿ. ಎಸಿ ಯಾರೂ ಕೇಳಲ್ಲ. ಟಾಯ್ಲೆಟ್ಟಿಗೆ ಒಳಗಿನ ಚಿಲಕ, ಬಕೆಟ್ಟಿನಲ್ಲಿ ನೀರು, ಒಂದು ಕಸದ ಡಬ್ಬಿ, ಒಂದು ಬಲ್ಬು. ಮಗುವಿಗೆ ಹಾಲು ಕುಡಿಸೋಕೆ ಮೂಲೆಯಲ್ಲಿ ಒಂದು ಕುರ್ಚಿ, ಒಂದು ಪರದೆ. ಮೆಟ್ಟಿಲಿಗೆ ಹಿಡಿಕೆ. ನಿಂತು ತಿನ್ನೋ ಹೋಟೆಲ್ ಆದ್ರೂ ಗೋಡೆ ಪಕ್ಕ ಎರಡು ಪ್ಲಾಸ್ಟಿಕ್ ಕುರ್ಚಿ, 'ಹಿರಿಯರಿಗೆ' ಅಂತ ಬರೆದಿಟ್ರೆ ಸಾಕು. ಬೀಗದ ಕೈ ಕ್ಯಾಷಿಯರ್ ಹತ್ರ ಇಡೋ ಹಾಗಿದ್ರೆ ಕ್ಯಾಷಿಯರ್ ಜಾಗದಲ್ಲಿ ಇರೋವರೆಗಾದ್ರೂ ಅದು ಅಲ್ಲೇ ಇರ್ಲಿ.

ಹೋಟೆಲ್‌ಗಳ ಹೆಸರು ಒಂದೊಂದಾಗಿ ಯಾಕೆ ಕೊಟ್ಟಿಲ್ಲ ಅಂತ ಕೇಳಬಹುದು. ಇಲ್ಲಿ ಬಾಡಿಗೆಗೆ ನಡೆಸೋರು ಆಗಾಗ ಬದಲಾಗ್ತಾರೆ. ಹೊರಗೆ ಅದೇ ಬೋರ್ಡ್, ಒಳಗೆ ಅಡುಗೆಯೋರು ಬೇರೆ. ಹೋಗೋ ದಿನ ನೀವೇ ಬಾಗಿಲಲ್ಲಿ ಒಂದು ನಿಮಿಷ ನಿಂತು ನೋಡಿ: ಒಳಗೆ ಎಷ್ಟು ಟೇಬಲ್‌ನಲ್ಲಿ ಹೆಂಗಸರು, ಮಕ್ಕಳು ಕೂತಿದ್ದಾರೆ ಅಂತ. ಆಮೇಲೆ ಟಾಯ್ಲೆಟ್ ಎಲ್ಲಿ ಅಂತ ಕೇಳಿ. ಆರ್ಡರ್ ಮಾಡೋಕೆ ಮುಂಚೆ.