ಗ್ಯಾಂಬಿಯಾ ಗಣರಾಜ್ಯದ ಗೋಲಿಮತ

ಆಫ್ರಿಕಾ ಖಂಡದ ಪಶ್ಚಿಮ ತೀರದಲ್ಲಿ ಒಂದು ನದಿಯ ಇಕ್ಕೆಲಗಳನ್ನು ಮಾತ್ರವೇ ತನ್ನ ನೆಲವನ್ನಾಗಿ ಪಡೆದಿರುವ ಗ್ಯಾಂಬಿಯಾ ರಾಜ್ಯವು 1965ನೆಯ ಫೆಬ್ರವರಿ 18ರಂದು ಬ್ರಿಟಿಷರಿಂದ ಸ್ವಾತಂತ್ರ್ಯವನ್ನು ಹೊಂದಿತು. ಅದು ಗಣರಾಜ್ಯವಾದುದು ಆಗಲೇ ಅಲ್ಲ. ಅದೇ ನವೆಂಬರಿನಲ್ಲಿ ಪ್ರಜೆಗಳ ಅಭಿಪ್ರಾಯವನ್ನು ಕೇಳಲಾಗಿ 61,563 ಮಂದಿ ಒಪ್ಪಿದರು, 31,921 ಮಂದಿ ಒಪ್ಪಲಿಲ್ಲ. ಮೂರರಲ್ಲಿ ಎರಡು ಪಾಲು ಬೇಕೆಂಬ ನಿಯಮಕ್ಕೆ ಸುಮಾರು 760 ಮತಗಳು ಕಡಮೆಯಾದುವು. ಆಳುತ್ತಿದ್ದ ಪಕ್ಷವು ಈ ಸೋಲಿಗೆ ತಲೆಬಾಗಿ, ನಾಲ್ಕು ವರ್ಷಕ್ಕೂ ಮೇಲೆ ಕಾದು, 1970ರಲ್ಲಿ ಮತ್ತೆ ಕೇಳಿ ಗೆದ್ದಿತು. ಇದನ್ನು ಅಲ್ಪವಿಷಯವೆಂದು ಬಿಡುವಂತಿಲ್ಲ. ನೆರೆಯ ಹಲವು ದೇಶಗಳು ಏಕಪಕ್ಷದ ಆಳ್ವಿಕೆಗೆ ತಿರುಗಿದ ಕಾಲದಲ್ಲಿ ದಾವ್ದಾ ಜವಾರಾ ಅವರ ಗ್ಯಾಂಬಿಯಾದಲ್ಲಿ ವಿರೋಧಪಕ್ಷಗಳು ಬದುಕಿದ್ದುವು. ಗೆಲ್ಲುತ್ತಿದ್ದುದು ಮಾತ್ರ ಸದಾ ಒಂದೇ ಪಕ್ಷ.

ಅಲ್ಲಿಯ ಮತದಾನದ ರೀತಿಯು ವಿಲಕ್ಷಣವಾದುದು. ಓದುಬರಹವರಿಯದವರೇ ಬಹುಮಂದಿಯಾಗಿದ್ದುದರಿಂದ 1960ರ ದಶಕದಲ್ಲಿ ಕಾಗದದ ಬದಲು ಗಾಜಿನ ಗೋಲಿಯನ್ನು ಬಳಕೆಗೆ ತಂದರು. ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ತಗಡಿನ ಪೀಪಾಯಿ. ಅದಕ್ಕೆ ಅವನ ಪಕ್ಷದ ಬಣ್ಣ, ಮೇಲೆ ಅವನ ಭಾವಚಿತ್ರ. ಮತದಾರನು ಮರೆಯಲ್ಲಿ ನಿಂತು ತನಗೆ ಬೇಕಾದ ಪೀಪಾಯಿಯ ಕೊಳವೆಯಲ್ಲಿ ಗೋಲಿಯನ್ನು ಹಾಕಿದರೆ ಒಳಗೆ ಗಂಟೆಯೊಂದು ಬಾರಿಸುತ್ತದೆ. ಎರಡು ಸಲ ಬಾರಿಸಿದರೆ ಮೋಸವೆಂದರ್ಥ. ಆ ಸದ್ದು ಬೈಸಿಕಲ್ಲಿನ ಗಂಟೆಯ ಸದ್ದನ್ನು ಹೋಲುವುದರಿಂದ ಆ ದಿನ ಮತಕಟ್ಟೆಯ ಬಳಿ ಬೈಸಿಕಲ್ಲಿಗೆ ಪ್ರವೇಶವಿಲ್ಲ! ಬಿದ್ದ ಗೋಲಿಗಳನ್ನು ಕುಳಿಗಳುಳ್ಳ ಹಲಗೆಗಳ ಮೇಲೆ ತುಂಬಿ ಎಣಿಸುತ್ತಾರೆ.

1994ನೆಯ ಜುಲೈಯಲ್ಲಿ ಯಾಹ್ಯಾ ಜಾಮೆ ಎಂಬ ಸೇನಾಧಿಕಾರಿಯು ಅಧಿಕಾರವನ್ನು ಕಸಿದುಕೊಂಡನು. 1997ರಲ್ಲಿ ಜಾರಿಗೆ ಬಂದ ರಾಜ್ಯಾಂಗದ ಮೇರೆಗೆ ಅಧ್ಯಕ್ಷನು ಐದು ವರ್ಷಗಳಿಗೆ ಪ್ರಜೆಗಳಿಂದ ನೇರವಾಗಿ ಆಯ್ಕೆಯಾಗಬೇಕು. ಎಷ್ಟು ಅವಧಿಗಳೆಂಬುದಕ್ಕೆ ಮಿತಿಯಿಲ್ಲ. ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಎರಡನೆಯ ಸುತ್ತು ನಡೆಯಬೇಕೆಂಬ ವಿಧಿ ಮೊದಲು ಇದ್ದಿತು. 2001ರಲ್ಲಿ ಅದನ್ನು ತೆಗೆದುಹಾಕಿ, ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆದ್ದವನೆಂದು ಮಾಡಿದರು. ಒಡೆದ ವಿರೋಧಪಕ್ಷಗಳ ಎದುರಿಗೆ ಆಳುವವನಿಗೆ ಇದಕ್ಕಿಂತ ಅನುಕೂಲವಾದ ತಿದ್ದುಪಡಿ ಇನ್ನಾವುದು?

ಆದರೆ 2016ನೆಯ ಡಿಸೆಂಬರ್ 1ರಂದು ಅದೇ ವಿಧಿಯು ತಿರುಗಿ ಬಿದ್ದಿತು. ಹಲವು ಪಕ್ಷಗಳು ಒಂದಾಗಿ ನಿಲ್ಲಿಸಿದ ಅದಾಮಾ ಬ್ಯಾರೋ ಅವರಿಗೆ ನೂರಕ್ಕೆ 43.3, ಜಾಮೆಗೆ 39.6, ಮೂರನೆಯವರಾದ ಮಾಮಾ ಕಂಡೇ ಅವರಿಗೆ 17.1 ಪಾಲು ಬಂದುವು. ಎರಡನೆಯ ಸುತ್ತಿದ್ದಿದ್ದರೆ ಆ ಮೂರನೆಯ ಪಾಲು ಯಾರ ಕಡೆಗೆ ಹರಿಯುತ್ತಿದ್ದಿತೋ ಹೇಳುವಂತಿಲ್ಲ. ಗೋಲಿಗಳನ್ನು ಆಯಾ ಮತಕಟ್ಟೆಯಲ್ಲಿಯೇ ಎಣಿಸಿದ್ದರಿಂದ ಲೆಕ್ಕವನ್ನು ಮರೆಮಾಚುವುದೂ ಸುಲಭವಾಗಿರಲಿಲ್ಲ. ಮೊದಲು ಸೋಲನ್ನೊಪ್ಪಿದ ಜಾಮೆಯು ಡಿಸೆಂಬರ್ 9ರಂದು ಮಾತು ಬದಲಿಸಿದನು. ಬ್ಯಾರೋ ಅವರು 2017ನೆಯ ಜನವರಿ 19ರಂದು ಡಕಾರಿನ ತಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಬೇಕಾಯಿತು. ನೆರೆರಾಜ್ಯಗಳ ಸೈನ್ಯವು ಗಡಿ ದಾಟಿದ ಮೇಲೆ, 21ರಂದು ಜಾಮೆಯು ದೇಶ ಬಿಟ್ಟನು.

ಎರಡು ಅವಧಿಗಳ ಮಿತಿಯನ್ನೂ ಅರ್ಧಕ್ಕೆ ಮೀರಿದ ಬಹುಮತವನ್ನೂ ವಿಧಿಸುವ ಹೊಸ ರಾಜ್ಯಾಂಗದ ಕರಡು 2020ನೆಯ ಸೆಪ್ಟೆಂಬರಿನಲ್ಲಿ ಶಾಸನಸಭೆಯ ಮುಂದೆ ಬಂದಿತು. ಆ ಸಭೆಯ 58 ಸದಸ್ಯರಲ್ಲಿ ಐವರು ಅಧ್ಯಕ್ಷನೇ ನೇಮಿಸಿದವರು. ಪರವಾಗಿ 31, ವಿರುದ್ಧವಾಗಿ 23 ಮತಗಳು ಬಿದ್ದು, ನಾಲ್ಕರಲ್ಲಿ ಮೂರು ಪಾಲು ದೊರೆಯದೆ ಕರಡು ಬಿದ್ದುಹೋಯಿತು. 2021ರ ಡಿಸೆಂಬರಿನಲ್ಲಿ ಆರು ಮಂದಿ ಉಮೇದುವಾರರಿಗಾಗಿ ಆರು ಪೀಪಾಯಿಗಳನ್ನು ಹಳೆಯ ವಿಧಿಯಂತೆಯೇ ಸಾಲಾಗಿ ಇರಿಸಿದರು. ಬ್ಯಾರೋ ಅವರೇ ಮತ್ತೆ ಗೆದ್ದರು.